ತೆರಿಗೆ ಜಾಸ್ತಿ, ಶಾಲೆಗೆ ದುಡ್ಡು ಕಡಿಮೆ

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡದ ಗೆಳೆಯರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಓದು ಅಂದ ಕೂಡಲೇ ನಮ್ಮವರ ಬಾಯಲ್ಲಿ ಬರುವುದು ಹಾರ್ವರ್ಡ್, ಸ್ಟ್ಯಾನ್‌ಫರ್ಡ್. ನಾನು ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಟೆಕ್ಸಾಸಿನ ಸ್ಯಾನ್ ಆಂಟೋನಿಯೋಗೆ ಹೋಗೋಣ. ಅಲ್ಲಿ ಎಜ್‌ವುಡ್ ಅಂತ ಒಂದು ಸ್ಕೂಲ್ ಡಿಸ್ಟ್ರಿಕ್ಟ್ ಇದೆ, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ, ಅದಕ್ಕಾಗಿ ಅಲ್ಲಿನ ಆಸ್ತಿಯ ಮೇಲೆ ತೆರಿಗೆ ಹಾಕುವ ಸ್ಥಳೀಯ ಘಟಕ. ಅದೇ ಊರಿನಲ್ಲಿ ಅಲಾಮೋ ಹೈಟ್ಸ್ ಅಂತ ಇನ್ನೊಂದಿದೆ. ಎಜ್‌ವುಡ್‌ನ ಮಕ್ಕಳಲ್ಲಿ 1960ರ ದಶಕದ ಕೊನೆಗೆ 100ಕ್ಕೆ ಸುಮಾರು 90 ಜನ ಮೆಕ್ಸಿಕನ್ ಮೂಲದವರು. ಅಲಾಮೋ ಹೈಟ್ಸ್‌ನಲ್ಲಿ ಹೆಚ್ಚಿನವರು ಬಿಳಿಯರು, ಅನುಕೂಲಸ್ಥರು.

ಇನ್ನು ಲೆಕ್ಕಕ್ಕೆ ಬರುತ್ತೇನೆ. ದಯವಿಟ್ಟು ಎದ್ದು ಕಾಫಿಗೆ ಹೋಗಬೇಡಿ, ಇವತ್ತಿನ ಮಾತೆಲ್ಲ ಈ ಲೆಕ್ಕದ ಮೇಲೇ ನಿಂತಿದೆ. ವರ್ಷ 1967-68. ಎಜ್‌ವುಡ್‌ನ ಜನ ತಮ್ಮ ಮನೆ, ಜಾಗದ ಪ್ರತಿ 100 ಡಾಲರ್ ಬೆಲೆಗೆ 1 ಡಾಲರ್ 5 ಸೆಂಟ್ ಶಾಲಾ ತೆರಿಗೆ ಹಾಕಿಕೊಂಡಿದ್ದರು. ಆ ಸುತ್ತಮುತ್ತಲಿನಲ್ಲೇ ಅತಿ ಹೆಚ್ಚು ದರ ಅದು. ಅಲಾಮೋ ಹೈಟ್ಸ್‌ನವರ ದರ 85 ಸೆಂಟ್. ಹಾಗಾದರೆ ಎಜ್‌ವುಡ್ ಶಾಲೆಗೆ ಜಾಸ್ತಿ ದುಡ್ಡು ಬರಬೇಕು, ಅಲ್ವಾ? ಬಂದದ್ದು ಮಗುವಿಗೆ 26 ಡಾಲರ್. ಅಲಾಮೋ ಹೈಟ್ಸ್‌ಗೆ ಬಂದದ್ದು 333 ಡಾಲರ್.

ಯಾಕೆ ಅಂದರೆ ಎಜ್‌ವುಡ್‌ನಲ್ಲಿ ತೆರಿಗೆ ಹಾಕೋಕೆ ಆಸ್ತಿಯೇ ಇರಲಿಲ್ಲ. ಅಲ್ಲಿದ್ದ ಆಸ್ತಿಯ ಬೆಲೆಯನ್ನೆಲ್ಲ ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ಮಗುವಿಗೆ 5,960 ಡಾಲರ್. ಅಲಾಮೋ ಹೈಟ್ಸ್‌ನಲ್ಲಿ 49,000ಕ್ಕೂ ಮೇಲೆ. ಸಣ್ಣ ಸಣ್ಣ ಮನೆಗಳ ಮೇಲೆ ಎಷ್ಟು ತೆರಿಗೆ ಹಾಕಿದರೂ ಹುಟ್ಟುವುದು ಅಷ್ಟೇ. ಇದರಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ಅಂಕಿ ಬೇರೆ. ರಾಜ್ಯ ಸರ್ಕಾರ ತನ್ನ ಪಾಲು ಅಂತ ಎಜ್‌ವುಡ್‌ನ ಮಗುವಿಗೆ ಕೊಟ್ಟದ್ದು 222 ಡಾಲರ್, ಅಲಾಮೋ ಹೈಟ್ಸ್‌ನ ಮಗುವಿಗೆ 225. ಉಳ್ಳವರ ಮಗುವಿಗೆ ಮೂರು ಡಾಲರ್ ಜಾಸ್ತಿ! ಕೇಂದ್ರದ ಹಣವೊಂದೇ ಬಡವರ ಕಡೆ ಸ್ವಲ್ಪ ವಾಲಿತ್ತು. ಎಲ್ಲ ಕೂಡಿಸಿದರೆ ಎಜ್‌ವುಡ್‌ಗೆ 356, ಅಲಾಮೋ ಹೈಟ್ಸ್‌ಗೆ 594.

1968ರ ಮೇ ತಿಂಗಳಲ್ಲಿ ಎಜ್‌ವುಡ್ ಹೈಸ್ಕೂಲಿನ ಸುಮಾರು 400 ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ಆಮೇಲೆ ಹೆತ್ತವರು ಕೋರ್ಟಿಗೆ ಹೋದರು. ಅವರ ಮುಂದಾಳು ಡಿಮೆಟ್ರಿಯೋ ರಾಡ್ರಿಗಸ್, ವಾಯುಪಡೆಯ ನೆಲೆಯೊಂದರಲ್ಲಿ ತಗಡಿನ ಕೆಲಸ ಮಾಡುತ್ತಿದ್ದವರು. ಕೇಸು ಸುಪ್ರೀಂ ಕೋರ್ಟಿಗೆ ಬಂತು. 1973ರ ಮಾರ್ಚ್‌ನಲ್ಲಿ 5-4ರಿಂದ ಅವರು ಸೋತರು. ಬಹುಮತದ ತೀರ್ಪು ಬರೆದವರು ಲೂಯಿಸ್ ಪವೆಲ್. ಶಿಕ್ಷಣ ಅನ್ನುವುದು ಅಮೆರಿಕದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಅಂತ ಹೇಳಿದರು. ಶಾಲೆಗಳಲ್ಲಿ ಬಿಳಿಯರು, ಕಪ್ಪು ಜನರನ್ನು ಬೇರೆ ಬೇರೆ ಕೂರಿಸುವುದರ ವಿರುದ್ಧ ವಾದಿಸಿ 1954ರಲ್ಲಿ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಆ ಹೊತ್ತಿಗೆ ಅದೇ ಕೋರ್ಟಿನ ನ್ಯಾಯಮೂರ್ತಿ. ಅವರು ಕಟುವಾದ ಭಿನ್ನ ತೀರ್ಪು ಬರೆದರು.

ಸಂಶೋಧನೆಯ ಕಥೆ ಶುರುವಾಗುವುದು ಪವೆಲ್ ಅವರ ತೀರ್ಪಿನ ಇನ್ನೊಂದು ಮಾತಿನಿಂದ. ಶಾಲೆಗೆ ಹೆಚ್ಚು ದುಡ್ಡು ಹಾಕಿದರೆ ಓದು ಸುಧಾರಿಸುತ್ತದೆಯೇ ಅನ್ನುವ ಬಗ್ಗೆ ಪಂಡಿತರಲ್ಲೇ ಒಮ್ಮತವಿಲ್ಲ, ಹೀಗಿರುವಾಗ ಕೋರ್ಟು ಯಾಕೆ ಕೈ ಹಾಕಬೇಕು, ಅನ್ನುವುದು ಅದರ ಸಾರ. ಅಂದರೆ ಸಂಶೋಧಕರ ಜಗಳ ಎಜ್‌ವುಡ್‌ನ ಮಕ್ಕಳಿಗೆ ಮುಳುವಾಯಿತು.

ಆ ಜಗಳ ಎಲ್ಲಿಂದ ಬಂತು? 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲೇ ಒಂದು ಸಾಲಿತ್ತು: ಎರಡು ವರ್ಷದೊಳಗೆ ದೇಶದ ಶಾಲೆಗಳ ಸಮೀಕ್ಷೆ ಮಾಡಿ ವರದಿ ಕೊಡಿ ಅಂತ. ಜೇಮ್ಸ್ ಕೋಲ್ಮನ್ ಅನ್ನುವ ಸಮಾಜಶಾಸ್ತ್ರಜ್ಞರಿಗೆ ಕೆಲಸ ಸಿಕ್ಕಿತು. ಸುಮಾರು ಆರು ಲಕ್ಷ ಮಕ್ಕಳು, ಸುಮಾರು 4,000 ಶಾಲೆಗಳು. ಆ ಕಾಲಕ್ಕೆ ಅಷ್ಟು ದೊಡ್ಡ ಸಮೀಕ್ಷೆ ಅಂದರೆ ಸಾಮಾನ್ಯವಲ್ಲ. 1966ರಲ್ಲಿ ವರದಿ ಬಂತು. ಕಪ್ಪು ಮಕ್ಕಳ ಶಾಲೆಗಳಲ್ಲಿ ಪುಸ್ತಕವಿಲ್ಲ, ಲ್ಯಾಬ್ ಇಲ್ಲ, ಅದಕ್ಕೇ ಅವರು ಹಿಂದೆ ಬಿದ್ದಿದ್ದಾರೆ ಅಂತ ವರದಿ ಹೇಳುತ್ತದೆ ಅಂತ ಎಲ್ಲರೂ ಕಾದಿದ್ದರು. ವರದಿ ಹೇಳಿದ್ದೇ ಬೇರೆ. ಮಗುವಿನ ಅಂಕಕ್ಕೂ ಶಾಲೆಯ ಸೌಲಭ್ಯಕ್ಕೂ ಅಂಥ ದೊಡ್ಡ ನಂಟು ಕಾಣುತ್ತಿಲ್ಲ, ಮನೆಯ ಹಿನ್ನೆಲೆಯದೇ ದೊಡ್ಡ ಪಾತ್ರ ಅಂತ. ಪಕ್ಕದಲ್ಲಿ ಕೂತು ಓದುವ ಸಹಪಾಠಿಗಳು ಯಾರು ಅನ್ನುವುದೂ ಮುಖ್ಯ ಅಂತ ಅದೇ ವರದಿಯಲ್ಲಿತ್ತು. ಅದನ್ನು ಹೆಚ್ಚು ಜನ ಓದಲಿಲ್ಲ, ಓದಿದವರಿಗೂ ಅದು ಬೇಕಾಗಿರಲಿಲ್ಲ. "ದುಡ್ಡಿನಿಂದ ಏನೂ ಆಗಲ್ಲ" ಅನ್ನುವುದು ಮಾತ್ರ ಬಾಯಿಂದ ಬಾಯಿಗೆ ಹೋಯಿತು.

ಕೋಲ್ಮನ್ ಸುಳ್ಳು ಹೇಳಲಿಲ್ಲ. ಒಂದು ದಿನ ಹೋಗಿ ಫೋಟೋ ತೆಗೆದಂತಹ ಸಮೀಕ್ಷೆಯಿಂದ ಎಷ್ಟು ತಿಳಿಯಬಹುದೋ ಅಷ್ಟು ಹೇಳಿದರು. ತೊಡಕು ಇರುವುದು ಬೇರೆ ಕಡೆ. ಹಿಂದುಳಿದ ಮಕ್ಕಳಿಗೆಂದೇ ಕೇಂದ್ರ ಸರ್ಕಾರ ಹೆಚ್ಚುವರಿ ಹಣ ಕೊಡುತ್ತದೆ. ಹಾಗಾಗಿ ಕೆಲವು ಕಡೆ ಹಣ ಜಾಸ್ತಿ, ಅಂಕ ಕಡಿಮೆ ಅಂತ ಕಾಣುತ್ತದೆ. ಹಣದಿಂದ ಅಂಕ ಇಳಿಯಿತೇ? ಇಲ್ಲ, ಅಂಕ ಕಡಿಮೆ ಇತ್ತು ಅಂತ ಹಣ ಬಂತು. ಎರಿಕ್ ಹನುಷೆಕ್ ಅನ್ನುವ ಅರ್ಥಶಾಸ್ತ್ರಜ್ಞರು 1980ರ ದಶಕದಲ್ಲಿ ಇಂಥ ನೂರಾರು ಲೆಕ್ಕಗಳನ್ನು ಒಟ್ಟು ಹಾಕಿ, ಖರ್ಚಿಗೂ ಕಲಿಕೆಗೂ ಗಟ್ಟಿಯಾದ ಸಂಬಂಧ ಕಾಣುವುದಿಲ್ಲ ಅಂತ ಬರೆದರು. ಶಾಲಾ ಅನುದಾನದ ಕೇಸುಗಳಲ್ಲಿ ಎಷ್ಟೋ ರಾಜ್ಯ ಸರ್ಕಾರಗಳಿಗೆ ಈ ವಾದ ಬಲು ಅನುಕೂಲವಾಯಿತು. ಯಾವ ಸರ್ಕಾರಕ್ಕೆ ಆಗಲ್ಲ ಹೇಳಿ?

ಇದಕ್ಕೆ ಸರಿಯಾದ ಉತ್ತರ ಸಿಗಲು 2016ರವರೆಗೆ ಕಾಯಬೇಕಾಯಿತು. ಕಿರಾಬೋ ಜಾಕ್ಸನ್, ರಕರ್ ಜಾನ್ಸನ್, ಕ್ಲಾಡಿಯಾ ಪರ್ಸಿಕೋ ಮೂವರೂ ಒಂದು ಜಾಣ ದಾರಿ ಹಿಡಿದರು. ಸುಪ್ರೀಂ ಕೋರ್ಟು ಕೈ ಬಿಟ್ಟ ಮೇಲೆ ಜನ ರಾಜ್ಯಗಳ ಕೋರ್ಟುಗಳಿಗೆ ಹೋಗಿದ್ದರಲ್ಲ, ಅಲ್ಲಿ ಕೆಲವರು ಗೆದ್ದರು. ಕ್ಯಾಲಿಫೋರ್ನಿಯಾದಲ್ಲಿ 1971ರಲ್ಲೇ ಒಂದು ತೀರ್ಪು ಬಂದಿತ್ತು. ಟೆಕ್ಸಾಸಿನಲ್ಲಿ ಎಜ್‌ವುಡ್‌ನವರೇ 1989ರಲ್ಲಿ ರಾಜ್ಯದ ಕೋರ್ಟಿನಲ್ಲಿ ಗೆದ್ದರು. ಕೋರ್ಟು ಯಾವಾಗ ಆದೇಶ ಕೊಡುತ್ತದೆ ಅನ್ನುವುದು ಮಕ್ಕಳ ಬುದ್ಧಿಯನ್ನೋ ಮನೆಯನ್ನೋ ನೋಡಿಕೊಂಡು ಆಗುವುದಿಲ್ಲ. ಆದೇಶಕ್ಕೆ ಮುಂಚೆ ಶಾಲೆ ಮುಗಿಸಿದ ಮಕ್ಕಳು, ಆಮೇಲೆ ಓದಿದ ಮಕ್ಕಳು, ಇಬ್ಬರನ್ನೂ ದೊಡ್ಡವರಾಗುವ ತನಕ ಹಿಂಬಾಲಿಸಿ ಹೋಲಿಸಿದರು. ಹನ್ನೆರಡು ವರ್ಷವೂ ಮಗುವಿನ ಮೇಲಿನ ಖರ್ಚು 10% ಹೆಚ್ಚಿದ್ದರೆ, ಆ ಮಗು ದೊಡ್ಡದಾದ ಮೇಲೆ ಸಂಬಳ ಸುಮಾರು 7% ಹೆಚ್ಚು. ಬಡತನಕ್ಕೆ ಬೀಳುವ ಸಂಭವ 3.2 ಪರ್ಸೆಂಟೇಜ್ ಪಾಯಿಂಟ್ ಕಡಿಮೆ. ಬಡ ಮನೆಯ ಮಕ್ಕಳಲ್ಲಿ ಈ ಲಾಭ ಇನ್ನೂ ಜಾಸ್ತಿ. ಪವೆಲ್ ಅವರ ಅನುಮಾನಕ್ಕೆ ಉತ್ತರ ಬಂತು, 43 ವರ್ಷ ತಡವಾಗಿ. ರಾಡ್ರಿಗಸ್ 2013ರಲ್ಲೇ ತೀರಿಕೊಂಡಿದ್ದರು.

ಹಾಗಂತ ದುಡ್ಡು ಸುರಿದರೆ ಸಾಕು ಅಂತ ಹೇಳುತ್ತಿಲ್ಲ. ಹನುಷೆಕ್ ಅವರ ಮಾತಿನಲ್ಲೂ ಒಂದು ಹುರುಳಿದೆ: ದುಡ್ಡನ್ನು ಹೇಗೆ ಖರ್ಚು ಮಾಡುತ್ತೀರಿ ಅನ್ನುವುದು ಮುಖ್ಯ. ನಮ್ಮ ಕ್ಯಾಲಿಫೋರ್ನಿಯಾದ್ದೇ ಉದಾಹರಣೆ ಇದೆ. 1985ರಿಂದ ಟೆನೆಸಿ ರಾಜ್ಯದಲ್ಲಿ ಒಂದು ಒಳ್ಳೆಯ ಪ್ರಯೋಗ ನಡೆಯಿತು. 11,000ಕ್ಕೂ ಹೆಚ್ಚು ಪುಟ್ಟ ಮಕ್ಕಳು. ಯಾರು 13ರಿಂದ 17 ಮಕ್ಕಳ ಚಿಕ್ಕ ತರಗತಿಗೆ, ಯಾರು 22ರಿಂದ 25 ಮಕ್ಕಳ ಮಾಮೂಲಿ ತರಗತಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಚಿಕ್ಕ ತರಗತಿಯವರು ಚೆನ್ನಾಗಿ ಕಲಿತರು. ಕಪ್ಪು ಮಕ್ಕಳಿಗೆ ಲಾಭ ಹೆಚ್ಚು. ಇದನ್ನು ನೋಡಿ ಕ್ಯಾಲಿಫೋರ್ನಿಯಾ 1996ರಲ್ಲಿ ಇಡೀ ರಾಜ್ಯದಲ್ಲಿ ಒಂದೇ ಸಲಕ್ಕೆ ಪುಟ್ಟ ಮಕ್ಕಳ ತರಗತಿಗಳನ್ನು 20ಕ್ಕೆ ಇಳಿಸಿತು. ರಾತ್ರೋರಾತ್ರಿ ಸಾವಿರಾರು ಮೇಷ್ಟರು ಬೇಕಾದರು. ಬಡ ಬಡಾವಣೆಗಳಲ್ಲಿ ಪಾಠ ಮಾಡುತ್ತಿದ್ದ ಅನುಭವಿಗಳು ಒಳ್ಳೆಯ ಸಂಬಳ, ಒಳ್ಳೆಯ ಕಟ್ಟಡ ಇರುವ ಡಿಸ್ಟ್ರಿಕ್ಟುಗಳಿಗೆ ಹೊರಟರು. ಅವರ ಜಾಗಕ್ಕೆ ತರಬೇತಿಯೇ ಮುಗಿಯದವರು ಬಂದರು. ಸಂಶೋಧನೆ ಸರಿ ಇತ್ತು, ಅದನ್ನು ಜಾರಿ ಮಾಡಿದ ಅವಸರದಲ್ಲಿ ಏಟು ತಿಂದವರು ಮತ್ತೆ ಬಡ ಮಕ್ಕಳೇ.

ಈಗ ಗೆರೆಗಳ ವಿಷಯ. ಈ ದೇಶದಲ್ಲಿ 13,000ಕ್ಕೂ ಹೆಚ್ಚು ಸ್ಕೂಲ್ ಡಿಸ್ಟ್ರಿಕ್ಟುಗಳಿವೆ. ಪ್ರತಿಯೊಂದಕ್ಕೂ ಗಡಿ. 1974ರಲ್ಲಿ ಡೆಟ್ರಾಯ್ಟ್‌ನ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದು: ಊರಿನ ಶಾಲೆಗಳಲ್ಲಿ ಜನಾಂಗದ ಬೇರ್ಪಡೆ ಇದ್ದರೂ, ಹೊರವಲಯದ ಡಿಸ್ಟ್ರಿಕ್ಟುಗಳು ತಪ್ಪು ಮಾಡಿದ್ದು ಸಾಬೀತಾಗದೆ ಅವನ್ನು ಪರಿಹಾರಕ್ಕೆ ಎಳೆಯುವಂತಿಲ್ಲ. ಹೊರವಲಯಕ್ಕೆ ಮನೆ ಬದಲಾಯಿಸಿದ ಬಿಳಿಯರಿಗೆ ಆ ಗೆರೆ ಕೋಟೆ ಗೋಡೆಯಾಯಿತು.

ಗೆರೆಗೆ ಬೆಲೆ ಕಟ್ಟಿದವರೂ ಇದ್ದಾರೆ. ಸ್ಯಾಂಡ್ರಾ ಬ್ಲ್ಯಾಕ್ ಅನ್ನುವ ಅರ್ಥಶಾಸ್ತ್ರಜ್ಞೆ ಬಾಸ್ಟನ್ ಸುತ್ತಲಿನ ಊರುಗಳಲ್ಲಿ ಮನೆಗಳ ಬೆಲೆ ನೋಡಿದರು. ಒಂದೇ ಊರು, ಒಂದೇ ತೆರಿಗೆ, ಹೆಚ್ಚು ಕಡಿಮೆ ಒಂದೇ ಥರದ ಬೀದಿ. ಆದರೆ ಯಾವ ಎಲಿಮೆಂಟರಿ ಶಾಲೆಗೆ ಸೇರುತ್ತದೆ ಅನ್ನುವ ಗೆರೆ ನಡುವೆ ಹಾದುಹೋಗಿದೆ. 1999ರಲ್ಲಿ ಬಂದ ಅವರ ಲೆಕ್ಕದ ಪ್ರಕಾರ, ಆ ಕಡೆಯ ಶಾಲೆಯ ಅಂಕ 5% ಹೆಚ್ಚಿದ್ದರೆ ಆ ಕಡೆಯ ಮನೆಗೆ ಜನ ಸುಮಾರು 2.5% ಜಾಸ್ತಿ ಕೊಡುತ್ತಾರೆ. ನೀವು ನಗುತ್ತಿದ್ದೀರಿ. ಕುಪರ್ಟಿನೋದಲ್ಲೋ ಫ್ರೀಮಾಂಟ್‌ನಲ್ಲೋ ಮನೆ ನೋಡಿದವರಿಗೆ ಇದಕ್ಕೆ ಸಂಶೋಧನೆ ಬೇಕಿರಲಿಲ್ಲ, ರಿಯಲ್ಟರ್ ಮೊದಲ ಫೋನಿನಲ್ಲೇ ಹೇಳಿರುತ್ತಾರೆ. ಶಾಲೆ ಫ್ರೀ, ಅದರ ಟಿಕೆಟ್ಟು ಮಾತ್ರ ಮನೆ ಸಾಲದಲ್ಲಿ ಸೇರಿರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಟೆಕ್ಸಾಸಿನಷ್ಟು ನೇರವಾಗಿ ಆಸ್ತಿ ತೆರಿಗೆ ಶಾಲೆಗೆ ಹೋಗುತ್ತಿಲ್ಲ, ಇದು ನಿಜ. ಕೋರ್ಟಿನ ತೀರ್ಪು, ಆಸ್ತಿ ತೆರಿಗೆಗೆ ಮಿತಿ ಹಾಕಿದ 1978ರ ಪ್ರಾಪ್ 13 ಎರಡೂ ಸೇರಿ ಹಣ ಹಂಚುವ ಕೆಲಸ ರಾಜಧಾನಿ ಸ್ಯಾಕ್ರಮೆಂಟೋಗೆ ಹೋಯಿತು. 2013ರಿಂದ ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಹೆತ್ತವರ ಬದಲು ಸರ್ಕಾರ ಗೊತ್ತುಮಾಡಿದ ಫಾಸ್ಟರ್ ಮನೆಗಳಲ್ಲಿರುವ ಮಕ್ಕಳು ಇರುವ ಕಡೆಗೆ ಹೆಚ್ಚು ಹಣ ಹೋಗುತ್ತಿದೆ. ಒಳ್ಳೆಯದು. ಆದರೆ ಪಾಲೋ ಆಲ್ಟೋದಂಥ ಡಿಸ್ಟ್ರಿಕ್ಟುಗಳಲ್ಲಿ ಆಸ್ತಿ ತೆರಿಗೆಯೇ ರಾಜ್ಯದ ಸೂತ್ರ ಮೀರಿ ಬರುತ್ತದೆ, ಮಿಕ್ಕಿದ್ದನ್ನು ಅವರೇ ಇಟ್ಟುಕೊಳ್ಳಬಹುದು. ಅದರ ಮೇಲೆ ಹೆತ್ತವರ ಫೌಂಡೇಶನ್ ಚಂದಾ ಬೇರೆ.

ಇನ್ನು ಕಾಲೇಜು. ಹಾರ್ವರ್ಡ್ ವಿಷಯ ಬೇಗ ಮುಗಿಸುತ್ತೇನೆ, ಯಾಕಂದರೆ ಅಂಥ ಹನ್ನೆರಡು ಕಾಲೇಜುಗಳಿಗೆ ಹೋಗುವವರು ಅಮೆರಿಕನ್ನರಲ್ಲಿ 100ಕ್ಕೆ ಅರ್ಧ ಜನವೂ ಇಲ್ಲ. ದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ತೆರಿಗೆ ದಾಖಲೆಗಳನ್ನು ಕಾಲೇಜು ದಾಖಲೆಗಳ ಜೊತೆ ಹೊಂದಿಸಿ ನೋಡಿದರು. 2017ರಲ್ಲಿ ತಿಳಿದದ್ದು: 38 ಕಾಲೇಜುಗಳಲ್ಲಿ, ಅತಿ ಶ್ರೀಮಂತ 1% ಮನೆಗಳ ಮಕ್ಕಳ ಸಂಖ್ಯೆ ಕೆಳಗಿನ 60% ಮನೆಗಳ ಮಕ್ಕಳಿಗಿಂತ ಜಾಸ್ತಿ. 2023ರಲ್ಲಿ ತಿಳಿದದ್ದು: ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕ ಒಂದೇ ಇದ್ದರೂ, ಮಧ್ಯಮ ವರ್ಗದ ಮಗುವಿಗಿಂತ ಆ 1% ಮನೆಯ ಮಗು ಇಂಥ ಕಾಲೇಜು ಸೇರುವ ಸಂಭವ ಎರಡು ಪಟ್ಟಿಗೂ ಹೆಚ್ಚು. ಅಪ್ಪ ಅಮ್ಮ ಅಲ್ಲೇ ಓದಿದ್ದರು ಅನ್ನುವ ಲೆಗಸಿ, ಓದಿನಾಚೆಗಿನ ಗುಣಗಳಿಗೆ ಕೊಡುವ ಅಂಕ, ಕ್ರೀಡಾ ಕೋಟಾ, ಬಹುಪಾಲು ಈ ಮೂರರಿಂದ. ಕ್ರೀಡೆ ಅಂದರೆ ಬಡ ಬಡಾವಣೆಯ ಬಾಸ್ಕೆಟ್‌ಬಾಲ್ ಹುಡುಗ ಅಂತ ಅಂದುಕೊಳ್ಳಬೇಡಿ, ದೋಣಿ ಪಂದ್ಯ, ಕತ್ತಿವರಸೆಯೂ ಕ್ರೀಡೆಯೇ.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸುವುದು ಅರ್ಜಿ ಫಾರಂಗಳು. ಕಾಲೇಜಿಗೆ ಸರ್ಕಾರದ ನೆರವು ಬೇಕಾದರೆ ಫಾಫ್ಸಾ ಅನ್ನುವ ಫಾರಂ ತುಂಬಬೇಕು. ಬಹಳ ಕಾಲ ಅದರಲ್ಲಿ 100ಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ಯಾರಿಗೆ ನೆರವು ಅತಿ ಹೆಚ್ಚು ಬೇಕೋ ಅವರೇ ಅದನ್ನು ನೋಡಿ ಹೆದರುತ್ತಿದ್ದರು. 2008ರಲ್ಲಿ ಕೆಲವು ಸಂಶೋಧಕರು ತೆರಿಗೆ ಲೆಕ್ಕ ಮಾಡಿಕೊಡುವ ಎಚ್ ಅಂಡ್ ಆರ್ ಬ್ಲಾಕ್ ಕಂಪನಿಯ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಕಡಿಮೆ ವರಮಾನದವರು ತೆರಿಗೆ ತುಂಬಲು ಬರುತ್ತಾರೆ. ಅವರ ವರಮಾನದ ವಿವರವೆಲ್ಲ ಆಗಲೇ ಕಂಪ್ಯೂಟರಿನಲ್ಲಿದೆ. ಅದನ್ನೇ ಫಾಫ್ಸಾಗೆ ಇಳಿಸಿ, ಉಳಿದ ಪ್ರಶ್ನೆಗಳನ್ನು ಅಲ್ಲೇ ಕೇಳಿ ತುಂಬಿಕೊಟ್ಟರು. ಹತ್ತು ನಿಮಿಷದೊಳಗಿನ ಕೆಲಸ. ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಮಕ್ಕಳಲ್ಲಿ, ಮುಂದಿನ ಮೂರು ವರ್ಷದೊಳಗೆ ಎರಡು ವರ್ಷ ಕಾಲೇಜು ಓದಿದವರು 28%ರಿಂದ 36%ಕ್ಕೆ ಏರಿದರು. ಇನ್ನೊಂದು ಗುಂಪಿಗೆ "ನಿಮಗೆ ಇಷ್ಟು ನೆರವು ಸಿಗುತ್ತದೆ" ಅಂತ ಲೆಕ್ಕ ಹಾಕಿ ಚೀಟಿ ಕೊಟ್ಟು ಕಳಿಸಿದ್ದರು, ಫಾರಂ ತುಂಬಿಕೊಡಲಿಲ್ಲ. ಅವರಲ್ಲಿ ಏನೂ ಬದಲಾಗಲಿಲ್ಲ.

ಈ ಎರಡನೇ ಗುಂಪನ್ನು ನೆನಪಿಡಿ. ಸರ್ಕಾರಗಳಿಗೆ ಮಾಹಿತಿ ಹಂಚುವುದು ಅಂದರೆ ಬಹಳ ಇಷ್ಟ, ಖರ್ಚು ಕಡಿಮೆ. ಕ್ಯಾರೊಲಿನ್ ಹಾಕ್ಸ್‌ಬಿ, ಸಾರಾ ಟರ್ನರ್ ಇಬ್ಬರೂ ಜಾಣ ಬಡ ಮಕ್ಕಳಿಗೆ ಕಾಲೇಜುಗಳ ಮಾಹಿತಿ, ಅರ್ಜಿ ಶುಲ್ಕದ ವಿನಾಯಿತಿ ಅಂಚೆಯಲ್ಲಿ ಕಳಿಸಿದರು. ತಲೆಗೆ ಸುಮಾರು 6 ಡಾಲರ್ ಖರ್ಚು, ಒಳ್ಳೆಯ ಫಲ. ಎಲ್ಲರೂ ಕುಣಿದಾಡಿದರು. ಆಮೇಲೆ ಎಸ್‌ಎಟಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆ ಅದೇ ಥರದ್ದನ್ನು ದೇಶದ ತುಂಬ ಲಕ್ಷಗಟ್ಟಲೆ ಮಕ್ಕಳಿಗೆ ಕಳಿಸಿದಾಗ ಯಾವ ಪರಿಣಾಮವೂ ಕಾಣಲಿಲ್ಲ. ಅದೇ ಹೊತ್ತಿನಲ್ಲಿ ಮಿಶಿಗನ್ನಿನಲ್ಲಿ ಸೂಸನ್ ಡೈನಾರ್ಸ್ಕಿ ಮತ್ತು ಜೊತೆಯವರು ಬೇರೆ ರೀತಿಯ ಕಾಗದ ಕಳಿಸಿದರು. "ನೀನು ಮಿಶಿಗನ್ ಯೂನಿವರ್ಸಿಟಿಗೆ ಆಯ್ಕೆಯಾದರೆ ನಾಲ್ಕು ವರ್ಷ ಫೀಸು ಇಲ್ಲ, ಅದಕ್ಕೆ ಬೇರೆ ಫಾರಂ ತುಂಬಬೇಕಾಗಿಲ್ಲ" ಅನ್ನುವ ಖಾತ್ರಿ. ಆ ಮಕ್ಕಳಲ್ಲಿ ಬಹುಪಾಲು ಜನರಿಗೆ ಅಷ್ಟು ನೆರವು ಹೇಗಿದ್ದರೂ ಸಿಗುತ್ತಿತ್ತು! ಹೊಸದಾಗಿ ಕೊಟ್ಟದ್ದು ಖಾತ್ರಿಯೊಂದೇ. ಕಾಗದ ಸಿಗದವರಲ್ಲಿ 26% ಅರ್ಜಿ ಹಾಕಿದರೆ, ಸಿಕ್ಕವರಲ್ಲಿ 68%. ಸೇರಿದವರು 12%ರಿಂದ 27%ಕ್ಕೆ.

ಫಾಫ್ಸಾ ಫಾರಂ ಚಿಕ್ಕದು ಮಾಡಿ ಅಂತ ಸಂಶೋಧಕರು ವರ್ಷಗಟ್ಟಲೆ ಹೇಳಿದ ಮೇಲೆ ಸಂಸತ್ತು ಒಪ್ಪಿತು. ಹೊಸ ಫಾರಂ ಮಾಮೂಲಿ ಅಕ್ಟೋಬರಿಗೆ ಬರಬೇಕಿದ್ದದ್ದು 2023ರ ಡಿಸೆಂಬರ್ ಕೊನೆಗೆ ಬಂತು, ದೋಷಗಳ ಸಮೇತ. ಅಪ್ಪ ಅಮ್ಮನಿಗೆ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ಮಕ್ಕಳು, ಅಂದರೆ ಹೆಚ್ಚಾಗಿ ವಲಸಿಗರ ಮಕ್ಕಳು, ತಿಂಗಳುಗಟ್ಟಲೆ ಸಿಕ್ಕಿಕೊಂಡರು.

ಒಳ್ಳೆಯ ಸುದ್ದಿ ಒಂದು ಹೇಳುತ್ತೇನೆ, ನ್ಯೂಯಾರ್ಕಿನದು. ಅಲ್ಲಿನ ಸಿಟಿ ಯೂನಿವರ್ಸಿಟಿ 2007ರಲ್ಲಿ ಎರಡು ವರ್ಷದ ಡಿಗ್ರಿ ಕೊಡುವ ತನ್ನ ಕಮ್ಯುನಿಟಿ ಕಾಲೇಜುಗಳಲ್ಲಿ ಅಸಾಪ್ ಅನ್ನುವ ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಹೊಳೆಯುವಂಥದ್ದು ಏನೂ ಇಲ್ಲ. ಪೂರ್ಣಾವಧಿ ಓದಬೇಕು. ಸಬ್‌ವೇ, ಬಸ್ಸಿಗೆ ಉಚಿತ ಪಾಸು. ಪುಸ್ತಕಕ್ಕೆ ನೆರವು. ಒಬ್ಬ ಸಲಹೆಗಾರರಿಗೆ ಆಗ 60ರಿಂದ 80 ವಿದ್ಯಾರ್ಥಿಗಳು ಮಾತ್ರ ಇದ್ದರು, ಮಾಮೂಲಿಯಾದರೆ 600ಕ್ಕೂ ಮೇಲೆ. ಬಸ್ ಪಾಸು ಬೇಕಾದರೆ ಸಲಹೆಗಾರರನ್ನು ಭೇಟಿ ಮಾಡುತ್ತಲೇ ಇರಬೇಕು, ಆ ಉಪಾಯ ನನಗೆ ತುಂಬ ಹಿಡಿಸಿತು. ಎಂಡಿಆರ್‌ಸಿ ಅನ್ನುವ ಸಂಸ್ಥೆ ಲಾಟರಿ ಮಾದರಿಯಲ್ಲಿ ಪರೀಕ್ಷೆ ಮಾಡಿ ನೋಡಿತು. ಮೂರು ವರ್ಷದಲ್ಲಿ ಡಿಗ್ರಿ ಮುಗಿಸಿದವರು ಹೊರಗೆ ಉಳಿದವರಲ್ಲಿ 22%, ಇದರಲ್ಲಿದ್ದವರಲ್ಲಿ 40%. ಒಹಾಯೋದಲ್ಲಿ ಮಾಡಿದರೂ ಹೀಗೇ ಫಲ ಬಂತು. ತಲೆಗೆ ಖರ್ಚು ಜಾಸ್ತಿ ಅಂತ ಹೇಳುವವರಿದ್ದಾರೆ. ನ್ಯೂಯಾರ್ಕಿನಲ್ಲಿ ಡಿಗ್ರಿ ಮುಗಿಸಿದ ಒಬ್ಬೊಬ್ಬರಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿದಾಗ ಖರ್ಚು ಕಡಿಮೆಯೇ ಆಗಿತ್ತು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಇದೆಲ್ಲ ಸರಿ ಸಾರ್, ನಾವೀಗ ಮನೆ ನೋಡ್ತಿದ್ದೀವಿ. 10ಕ್ಕೆ 9 ರೇಟಿಂಗ್ ಇರೋ ಶಾಲೆ ಬಿಟ್ಟು 5 ಇರೋ ಕಡೆ ಹೋಗಿ ಅಂತೀರಾ?"

ನೇರ ಪ್ರಶ್ನೆ, ನೇರವಾಗಿಯೇ ಉತ್ತರಿಸಿದೆ. ಶಾಲೆಯ ಸರಾಸರಿ ಅಂಕ ಹೇಳುವುದು ಬಹುಮಟ್ಟಿಗೆ ಅಲ್ಲಿನ ಅಪ್ಪ ಅಮ್ಮಂದಿರ ಓದು, ಸಂಬಳದ ಕಥೆ. ನಾವು ಈ ದೇಶಕ್ಕೆ ಬಂದದ್ದೇ ಎಂಎಸ್, ಎಚ್1ಬಿ ಜರಡಿಯಲ್ಲಿ ಉಳಿದುಕೊಂಡು. ನಮ್ಮಂಥವರು 200 ಮನೆ ಸೇರಿದ ಕಡೆ ಶಾಲೆಯ ರೇಟಿಂಗ್ ಏರದೆ ಇನ್ನೇನಾಗುತ್ತದೆ? ಶಾಲೆ ಎಷ್ಟು ಕಲಿಸುತ್ತದೆ ಅಂತ ತಿಳಿಯಬೇಕಾದರೆ ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಹೋದರು ಅಂತ ನೋಡಬೇಕು. ಸ್ಟ್ಯಾನ್‌ಫರ್ಡಿನ ಶಾನ್ ರಿಯರ್ಡನ್ ಇದನ್ನೇ ಇಡೀ ದೇಶದ ಡಿಸ್ಟ್ರಿಕ್ಟುಗಳಿಗೆ ಲೆಕ್ಕ ಹಾಕಿ, ಎಲ್ಲರೂ ನೋಡುವ ಹಾಗೆ ನಕಾಶೆ ಮಾಡಿ ಇಟ್ಟಿದ್ದಾರೆ. ಶಿಕಾಗೋ ಶಾಲೆಗಳ ಹೆಸರು ಹೇಳಿದರೆ ಮೂಗು ಮುರಿಯುವವರೇ ಜಾಸ್ತಿ. ರಿಯರ್ಡನ್ ಅವರ ಲೆಕ್ಕದಲ್ಲಿ ಅಲ್ಲಿನ ಮಕ್ಕಳು ಮೂರನೇ ಕ್ಲಾಸಿನಿಂದ ಎಂಟನೇ ಕ್ಲಾಸಿಗೆ ಬರುವ ಐದು ವರ್ಷದಲ್ಲಿ ಆರು ವರ್ಷದಷ್ಟು ಕಲಿತಿದ್ದರು. ಸರಾಸರಿ ಅಂಕ ಕಡಿಮೆ, ಕಲಿಕೆಯ ವೇಗ ಜಾಸ್ತಿ. ಹಾಗಾಗಿ 5 ಅಂತ ಬರೆದಿರುವ ಶಾಲೆಗೆ ಒಂದು ಸಲ ಹೋಗಿ ತರಗತಿ ನೋಡಿಕೊಂಡು ಬನ್ನಿ, ಆಮೇಲೆ ತೀರ್ಮಾನ ಮಾಡಿ ಅಂದೆ. ಅವರ ಮನೆಯವರು ಪಕ್ಕದಲ್ಲೇ ಕೂತಿದ್ದರು, ಅಷ್ಟು ಸುಲಭವಾಗಿ ಒಪ್ಪುವ ಮುಖ ಕಾಣಲಿಲ್ಲ.

ಆ ನಕಾಶೆಯ ಬಗ್ಗೆ ಒಂದು ಮಾತು ಬಾಕಿ ಇದೆ. ಪ್ರತಿ ರಾಜ್ಯದ ಪರೀಕ್ಷೆ ಬೇರೆ. ಅವನ್ನೆಲ್ಲ ಒಂದೇ ಅಳತೆಗೆ ತರಲು ನೇಪ್ ಅನ್ನುವ ರಾಷ್ಟ್ರೀಯ ಪರೀಕ್ಷೆ ಬೇಕು. 1969ರಿಂದ ನಡೆಯುತ್ತಿದೆ. ಅದನ್ನು ನಡೆಸುವುದು ಶಿಕ್ಷಣ ಇಲಾಖೆಯ ಅಂಕಿಅಂಶ ಕೇಂದ್ರ. ಅಮೆರಿಕದಲ್ಲಿ 1867ರಲ್ಲಿ ಶಿಕ್ಷಣ ಇಲಾಖೆ ಅಂತ ಮೊದಲು ಹುಟ್ಟಿದ್ದೇ ಅಂಕಿಅಂಶ ಕೂಡಿಹಾಕಲು. 2025ರ ಫೆಬ್ರವರಿಯಲ್ಲಿ ಇಲಾಖೆಯ ಸಂಶೋಧನಾ ವಿಭಾಗದ ಹತ್ತಾರು ಗುತ್ತಿಗೆಗಳನ್ನು ರದ್ದು ಮಾಡಿದರು. ಮಾರ್ಚ್‌ನಲ್ಲಿ ಇಡೀ ಇಲಾಖೆಯ ಅರ್ಧದಷ್ಟು ನೌಕರರನ್ನು ತೆಗೆಯುವ ಘೋಷಣೆ ಬಂತು. ಸುಮಾರು 100 ಜನರಿದ್ದ ಅಂಕಿಅಂಶ ಕೇಂದ್ರದಲ್ಲಿ ಬೆರಳೆಣಿಕೆಯಷ್ಟು ಜನ ಉಳಿದರು. 17 ವರ್ಷದ ಮಕ್ಕಳಿಗೆ ಆ ವರ್ಷ ನಡೆಯಬೇಕಿದ್ದ ನೇಪ್‌ನ ದೀರ್ಘಾವಧಿ ಪರೀಕ್ಷೆಯೂ ರದ್ದಾಯಿತು. ಎಜ್‌ವುಡ್‌ನವರು ಕೋರ್ಟಿಗೆ ಹೋದಾಗ ಅವರ ಕೈಯಲ್ಲಿ ಕೊನೇಪಕ್ಷ 26 ಮತ್ತು 333 ಅನ್ನುವ ಎರಡು ಅಂಕಿಗಳಾದರೂ ಇದ್ದವು.